ಜೇಬು ನೋಡುವ ಚಾರ್ಜು

ಡ್ರೈಕ್ಲೀನಿಂಗ್ ಅಂಗಡಿಯವನು ಪರದೆಗಳನ್ನು ಕೌಂಟರಿನ ಹಿಂದೆಯೇ ಇಟ್ಟುಕೊಂಡು, ಕೊಕ್ಕೆ ಬಿಚ್ಚಿದ್ದಕ್ಕೆ ಬೇರೆ, ಅಸ್ತರಿಗೆ ಬೇರೆ, ಧೂಳು ಜಾಸ್ತಿಯಿದ್ದದ್ದಕ್ಕೆ ಬೇರೆ ಎಂದು ದುಡ್ಡು ಕೇಳಿದ ದಿನವೇ ಪರದೆ ಒಗೆಯಲು ಕೊಟ್ಟ ಮನೆಯ ಯಜಮಾನರು ಅವನ ಅಂಗಡಿ ಮುಚ್ಚಿಸಲು ನಿರ್ಧರಿಸಿದರು. ಕೊಡುವುದಿಲ್ಲ ಎಂದು ವಾರವಿಡೀ ಹಟ ಹಿಡಿದದ್ದೇನೋ ನಿಜ. ಅಷ್ಟರಲ್ಲಿ ಪರದೆಯಿಲ್ಲದ ಕಿಟಕಿಯಿಂದ ಅವರು ಬನಿಯನ್ನಿನಲ್ಲಿ ಓಡಾಡುವುದನ್ನು ಎದುರುಮನೆಯವರೆಲ್ಲ ನೋಡಿಯಾಗಿತ್ತು. ಕೊನೆಗೆ ಹೆಂಡತಿಯೇ ಹೋಗಿ ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡು ಬಂದಳು. ಆ ಅವಮಾನ ಯಜಮಾನರಿಗೆ ಅರಗಲಿಲ್ಲ.

ಅದುವರೆಗೆ ಅವರ ಹತ್ತಿರ ಯಾರ ಬೇಳೆಯೂ ಬೆಂದಿರಲಿಲ್ಲ. ಬೀದಿಯವರು ಬೆನ್ನ ಹಿಂದೆ ಅವರನ್ನು ‘ಬಿಲ್ಲುಬಾಣ’ ಎನ್ನುತ್ತಿದ್ದರು. ಯಾರೇ ಬಿಲ್ಲು ಚಾಚಿದರೂ ಅವರು ಬಾಣ ಬಿಡುತ್ತಿದ್ದರು. ನಲ್ಲಿ ರಿಪೇರಿಯವನು ವಾಷರಿಗೆ ಬೇರೆ ಕೇಳಿ ಬೈಸಿಕೊಂಡು ಹೋಗಿದ್ದ. ಕೋಟು ಹೊಲಿದ ದರ್ಜಿ “ಸಾರ್, ಇದರಲ್ಲಿ ಒಂದೇ ಒಂದು ಎಕ್ಸ್‌ಟ್ರಾ...” ಎಂದು ಬಾಯಿ ತೆಗೆದಾಗ, “ಎಕ್ಸ್‌ಟ್ರಾ ಯಾವುದೂ ಬೇಡ. ಹೇಳಿದ ರೇಟಿಗೆ ಎಷ್ಟಾಗುತ್ತೋ ಅಷ್ಟೇ ಹೊಲಿ” ಎಂದು ಅರ್ಧಕ್ಕೇ ಬಾಯಿ ಮುಚ್ಚಿಸಿದ್ದರು. ಆ ಕೋಟನ್ನು ತೊಟ್ಟದ್ದು ಒಂದೇ ಸಲ, ಕಚೇರಿಯ ಗ್ರೂಪ್ ಫೋಟೋಗೆ, ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತು.

ಈಗ ಅದೇ ಕೋಟು ಕೆಲಸಕ್ಕೆ ಬಂತು. ಒಗೆಯಲು ಎಷ್ಟು ಎಂದು ವಿಚಾರಿಸಿದಾಗ ಅಂಗಡಿಯವನು ಬೆರಳು ಮಡಿಸಿದ.

“ಗುಂಡಿಗೆ ಬೇರೆ, ಜೇಬು ನೋಡೋದಕ್ಕೆ ಬೇರೆ. ಜನ ಜೇಬಲ್ಲಿ ಏನೇನೋ ಬಿಟ್ಟಿರ್ತಾರೆ ಸಾರ್. ನಾವೇ ನೋಡಿ ತೆಗೆದಿಡ್ತೀವಿ. ಜವಾಬ್ದಾರಿ ನಮ್ಮದು.”

ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು. ಜೇಬು ನೋಡಲು ಕಾಸು ತೆಗೆದುಕೊಂಡವನೇ ಜೇಬಿನಲ್ಲಿದ್ದದ್ದಕ್ಕೆ ಹೊಣೆ! ಹೆಂಡತಿಯ ಹಸಿರು ಕಲ್ಲಿನ ಉಂಗುರ ಸಡಿಲವಾಗಿತ್ತು. ಬಿಗಿ ಮಾಡಿಸುತ್ತೇನೆಂದು ಇಸಿದುಕೊಂಡರು. ಅದನ್ನು ಕೋಟಿನ ಜೇಬಿನಲ್ಲಿಟ್ಟು ಮರೆತು, ಕೋಟನ್ನು ಒಗೆಯಲು ಕೊಟ್ಟುಬಿಟ್ಟೆ ಎನ್ನುವುದು ಅವರು ಕಟ್ಟಿದ ಕತೆ. ನಿಜವಾದ ಉಂಗುರವನ್ನು ಎಲ್ಲಿಡುವುದು? ಹೆಂಡತಿಯ ಪೊರಕೆ ತಲುಪದ ಮೂಲೆ ಮನೆಯಲ್ಲಿರಲಿಲ್ಲ. ತಮ್ಮ ಪ್ಯಾಂಟಿನ ಜೇಬಿಗೇ ಹಾಕಿಕೊಂಡರು. ದೂರು ಕೊಟ್ಟವನನ್ನು ಯಾರು ತಡಕುತ್ತಾರೆ?

ಕೋಟು ಒಪ್ಪಿಸುವಾಗ ಜನ್ಮದಲ್ಲಿ ಮೊದಲ ಸಲ ತುಟಿಪಿಟಕ್ಕೆನ್ನದೆ ಎಲ್ಲ ಎಕ್ಸ್‌ಟ್ರಾ ಕೊಟ್ಟರು. ಅಂಗಡಿಯವನು ಬೆಚ್ಚಿಬಿದ್ದು ನೋಟನ್ನು ಬೆಳಕಿಗೆ ಹಿಡಿದು ನೋಡಿದ.

ಉಂಗುರ ಹೋಯಿತೆಂದು ಹೇಳಿದಾಗ ಹೆಂಡತಿ “ಅದು ನಮ್ಮಮ್ಮನದು ಕಣ್ರೀ” ಎಂದು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು. ಯಜಮಾನರ ಕರುಳು ಚುರುಕ್ ಎಂದಿತು. ಆದರೆ ಇದೇ ಅಳು ಅಂಗಡಿಯಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ ಎಂದೂ ಹೊಳೆಯಿತು. ಸಮಾಧಾನ ಮಾಡಲು ಹೋಗಲಿಲ್ಲ.

ಪೊಲೀಸರಿಗೆ ದೂರು ಕೊಟ್ಟು, ರಜಾದಿನ, ಅಂಗಡಿ ತುಂಬಿದ್ದ ಹೊತ್ತು ನೋಡಿ, ಹೆಂಡತಿಯನ್ನೂ ಇನ್ಸ್‌ಪೆಕ್ಟರನ್ನೂ ಕರೆದುಕೊಂಡು ಹೋದರು. ಕೋಟು ಪ್ಲಾಸ್ಟಿಕ್ ಕವರಿನೊಳಗೆ ಗರಿಗರಿಯಾಗಿ ತೂಗುತ್ತಿತ್ತು. ಅಂಗಡಿಯವನ ಮುಖ ಬಿಳಿಚಿಕೊಂಡಿತು.

“ಅಮ್ಮನಾಣೆ ಸಾರ್, ಒಂದೊಂದು ಜೇಬಿಗೂ ನಾನೇ ಕೈ ಹಾಕಿ ನೋಡಿದೀನಿ. ಏನೂ ಇರ್ಲಿಲ್ಲ. ಕಳ್ಳ ಅನ್ನೋ ಹೆಸರು ಬಂದ್ರೆ ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ.”

“ಕೇಳಿದ್ರಲ್ಲ ಇನ್ಸ್‌ಪೆಕ್ಟರೇ? ಕೈ ಹಾಕಿದ್ದು ಇವನೇ,” ಎಂದರು ಯಜಮಾನರು. ಗಿರಾಕಿಗಳು ಹೌದೆಂಬಂತೆ ತಲೆಯಾಡಿಸಿದರು. ಆ ಕ್ಷಣದ ಸುಖಕ್ಕೆ ಅವರು ಇನ್ನೊಂದು ಸಲ ಪರದೆ ಒಗೆಸಲೂ ಸಿದ್ಧರಿದ್ದರು.

“ಯಾವ ಜೇಬು ಸಾರ್?” ಇನ್ಸ್‌ಪೆಕ್ಟರ್ ಕೇಳಿದರು.

“ಕೆಳಗಿಂದು, ಎಡಗಡೆ. ಇದೇ ಕೈಯಲ್ಲಿ ಕಾಗದದಲ್ಲಿ ಸುತ್ತಿ, ತಳದವರೆಗೂ ತಳ್ಳಿ ಇಟ್ಟಿದೀನಿ. ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ.”

ಇನ್ಸ್‌ಪೆಕ್ಟರ್ ಕವರ್ ಸರಿಸಿ, ಎಡಗಡೆ ಜೇಬಿನ ಮೇಲಿನ ಪಟ್ಟಿಯನ್ನು ಎತ್ತಿ ಬೆರಳು ತೂರಿಸಲು ನೋಡಿದರು. ಬೆರಳು ಬಟ್ಟೆಗೆ ತಗುಲಿ ನಿಂತಿತು. ಬಲಗಡೆಯದನ್ನು ಎತ್ತಿದರು. ಅಲ್ಲೂ ಅಷ್ಟೇ. ಕೋಟಿನ ಒಳಮೈ ತಿರುಗಿಸಿ ಮೇಲಿಂದ ಕೆಳಗೆ ಸವರಿದರು: ನುಣುಪಾದ ಅಸ್ತರು, ಎಲ್ಲೂ ಒಂದು ಸೀಳಿಲ್ಲ. ಚಂದಕ್ಕೆಂದು ಮೇಲೆ ಎರಡು ಪಟ್ಟಿ ಹೊಲಿದಿದ್ದು ಬಿಟ್ಟರೆ ಆ ಕೋಟಿಗೆ ಜೇಬೇ ಇರಲಿಲ್ಲ. ದರ್ಜಿ ಅಂದು ಪೂರ್ತಿ ಮಾಡದ ಮಾತು ಯಜಮಾನರಿಗೆ ಇವತ್ತು ಪೂರ್ತಿ ಕೇಳಿಸಿತು: ಜೇಬಿಗೆ ಬೇರೆ ಆಗುತ್ತೆ ಸಾರ್. ಒಂದೊಂದು ಜೇಬಿಗೂ ಕೈ ಹಾಕಿದ್ದ ಅಂಗಡಿಯವನು ತಲೆ ತಗ್ಗಿಸಿ ಕೌಂಟರ್ ಒರೆಸತೊಡಗಿದ. “ಕೋಟಿಗಂತೂ ಜೇಬಿಲ್ಲ. ಪ್ಯಾಂಟಿಗಾದ್ರೂ ಇದೆಯಾ ಸಾರ್?” ಎಂದು ಇನ್ಸ್‌ಪೆಕ್ಟರ್ ತಣ್ಣಗೆ ಕೇಳಿದರು. ಅಷ್ಟು ಹೊತ್ತಿಗೆ ಹೆಂಡತಿಯ ಅಳು ನಿಂತಿತ್ತು. ಗಂಡನ ಬಲಗೈ ತಾನಾಗಿಯೇ ಹೋಗಿ ಪ್ಯಾಂಟಿನ ಜೇಬನ್ನು ಬಿಗಿಯಾಗಿ ಮುಚ್ಚಿಕೊಂಡದ್ದನ್ನು ಮೊದಲು ನೋಡಿದವಳು ಅವಳೇ.