ಗುಡಿಸಿಟ್ಟ ಗಾಜು

2004ರ ಜನವರಿ 12, ಸೋಮವಾರ. ಬೆಳಿಗ್ಗೆ 9.20ಕ್ಕೆ ತಾರಾನಾಥ ಮಣಿಪಾಲ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಕಾಲೇಜು ಹುಡುಗರು ಕಂಪ್ಯೂಟರ್ ಆಟ ಆಡುವ ಅವನ ಅಂಗಡಿಗೆ ಯಾರೋ ನುಗ್ಗಿ ಎಂಟು ಮಾನಿಟರ್ ಒಡೆದಿದ್ದರು. ಅಲ್ಲಿ ನಡೆಯುವುದು ಗ್ಯಾಂಗ್‌ಸ್ಟರ್‌ಗಳ ಆಟ. ಪರದೆಯ ಮೇಲೆ ಆಡುವವನ ಕೈ ಮತ್ತು ಬಂದೂಕು ಮಾತ್ರ ಕಾಣುತ್ತವೆ. ಎದುರು ಬಂದವರನ್ನೆಲ್ಲ ಹೊಡೆದುರುಳಿಸಬೇಕು.

"ಆಟದಲ್ಲಿ ಸೋತವರದ್ದೇ ಕೆಲಸ ಸರ್," ಎಂದ ತಾರಾನಾಥ.

ಎಸ್‌ಐ ಮೌರಿಸರಿಗೂ ಹಾಗೇ ಅನ್ನಿಸಿತು. ಇಡೀ ದಿನ ತಲೆ ಒಡೆಯುವುದನ್ನೇ ಆಡುವವರು ಅಂಗಡಿ ಒಡೆಯದೆ ಬಿಡುತ್ತಾರೆಯೇ ಎಂದು ಗೊಣಗುತ್ತ ಎಫ್‌ಐಆರ್ ದಾಖಲಿಸಿದರು.

10.15ಕ್ಕೆ ಪಂಚನಾಮೆ ಶುರುವಾಯಿತು. ಬಾಗಿಲಿನ ಬೀಗ ಮುರಿದಿರಲಿಲ್ಲ. ಒಡೆದದ್ದು ಪರದೆಗಳು ಮಾತ್ರ. ಮೇಜಿನ ಕೆಳಗಿನ ಸಿಪಿಯು ಪೆಟ್ಟಿಗೆಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಗಾಜಿನ ಚೂರೆಲ್ಲ ಮೂಲೆಯಲ್ಲಿ ಒಟ್ಟಾಗಿತ್ತು, ಪೊರಕೆ ಬಾಗಿಲ ಹಿಂದೆ ಅದರ ಜಾಗದಲ್ಲೇ ಇತ್ತು.

"ಒಡೆದವರು ಗುಡಿಸಿ ಹೋಗಿದ್ದಾರೆ ಸರ್," ಎಂದಳು ಕಾನ್‌ಸ್ಟೇಬಲ್ ಕುಶಲಾ.

ಮೌರಿಸ್ ತಾರಾನಾಥನತ್ತ ತಿರುಗಿದರು. "ಇಲ್ಲಿ ಗುಡಿಸುವುದು ಯಾರು?"

"ಅಂಬವ್ವ ಅಂತ, ಘಟ್ಟದ ಮೇಲಿನವಳು. ಒಂದು ಕೀ ಅವಳ ಹತ್ರ ಉಂಟು. ಪಾಪದವಳು ಸರ್, ಅವಳು ಎಂತ ಮಾಡ್ತಾಳೆ?"

"ಇವತ್ತು ಬಂದಿದ್ದಾಳಾ?"

"ಇಲ್ಲ."

ಅವಳು ಕಾಪುವಿನಲ್ಲಿರುವ ಅಕ್ಕನ ಬಳಿ ಹೋಗಿದ್ದಾಳೆಂದು ಕೂಲಿಯವರ ಶೆಡ್ಡುಗಳಲ್ಲಿ ಅವಳ ನೆರೆಯವರು ತಿಳಿಸಿದರು. ಮಧ್ಯಾಹ್ನ 2.40ಕ್ಕೆ ಅಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಅಂಬವ್ವ ಸಿಕ್ಕಿದಳು. ಪೊಲೀಸರನ್ನು ಕಂಡು ತಲೆಯ ಮೇಲಿನ ಮರಳಿನ ಬುಟ್ಟಿ ಇಳಿಸಿದಳು. ಓಡಲಿಲ್ಲ.

"ಯಾರು ಒಡೆದದ್ದು?"

"ನಾನರೀ ಸಾಹೇಬ್ರ."

"ಯಾವುದರಲ್ಲಿ?"

"ನನ್ನ ಗಂಡನ ಸುತ್ತಿಗಿಲೆ."

"ಯಾಕೆ?"

"ಅಲ್ಲಿ ಅವನ್ನ ದಿನಾ ಕೊಲ್ಲತಿದ್ರು."

ಗಂಡ ಯಮನೂರ ಸತ್ತು ವರ್ಷವಾಗುತ್ತ ಬಂದಿತ್ತು. ನಾಲ್ಕನೇ ಮಹಡಿಯ ಸೆಂಟ್ರಿಂಗ್ ಹಲಗೆಯಿಂದ ಬಿದ್ದಿದ್ದ. ವರ್ಷದ ಪೂಜೆಗೆ ಕಟ್ಟು ಹಾಕಿಸಲು ಅವನ ಒಂದೇ ಒಂದು ಫೋಟೋವನ್ನು ಅಂಬವ್ವ ತಾರಾನಾಥನ ಕೈಗೆ ಕೊಟ್ಟಿದ್ದಳು. ಅವನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿಯೂ ಕೊಟ್ಟಿದ್ದ. ಆಮೇಲೆ ಒಂದು ಸಂಜೆ ಗುಡಿಸುತ್ತ ತಲೆ ಎತ್ತಿದರೆ ಪರದೆಯಲ್ಲಿ ಯಮನೂರ ನಿಂತಿದ್ದ.

ಕುಶಲಾ ಅವಳನ್ನು ದಸ್ತಗಿರಿ ಮಾಡಿದಳು.

ಹೇಳಿಕೆ ನಿಜವೇ ಎಂದು ನೋಡಲು 5.10ಕ್ಕೆ ಮೌರಿಸ್ ತಾರಾನಾಥನ ಅಂಗಡಿಗೆ ಪಕ್ಕದ ಜೆರಾಕ್ಸ್ ಅಂಗಡಿಯಿಂದ ಒಂದು ಮಾನಿಟರ್ ತರಿಸಿದರು. ತಾರಾನಾಥ ಆಟ ಶುರು ಮಾಡಿದ. ಗೋದಾಮಿನ ಗೇಟಿನಲ್ಲಿ ಕಾವಲು ನಿಂತ ರೌಡಿಯ ಮೈಮೇಲೆ ಯಮನೂರನ ಮುಖವಿತ್ತು. ಗುಂಡು ಹಣೆಗೆ ಬಿತ್ತು. ಮುಂದಿನ ಸುತ್ತಿನಲ್ಲಿ ಅವನು ಮತ್ತೆ ಎದ್ದು ನಿಂತ, ಮತ್ತೆ ಸತ್ತ.

"ಇದನ್ನು ಹಾಕಿದ್ದು ಯಾರು?"

"ನಾನೇ ಸರ್, ತಮಾಷೆಗೆ. ಮೀಸೆ ಜೋರುಂಟು ಅಲ್ವಾ, ರೌಡಿಗೆ ಒಪ್ಪಿತು. ಹುಡುಗರಿಗೂ ಖುಷಿ."

ಮೌರಿಸರ ಮೈ ಉರಿಯಿತು. ಕೆನ್ನೆಗೆ ಬಾರಿಸಲು ಎದ್ದ ಕೈಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡರು. ಒಡೆದವಳಿಗೆ ಸೆಕ್ಷನ್ ಇತ್ತು. ಸತ್ತವನನ್ನು ಹೆಂಡತಿಯ ಕಣ್ಣೆದುರೇ ದಿನಾ ಕೊಲ್ಲಿಸಿದವನ ಮೇಲೆ ಹಾಕಲು ಎಷ್ಟು ಹುಡುಕಿದರೂ ಒಂದು ಸೆಕ್ಷನ್ ಹೊಳೆಯಲಿಲ್ಲ. ಈ ನೌಕರಿಗೆ ಬೆಂಕಿ ಬೀಳಲಿ ಅನ್ನಿಸಿತು.

"ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ ಸರ್, ಆಟ ಎಲ್ಲ ಅದರೊಳಗೇ ಉಂಟು. ಬೇರೆ ಮಾನಿಟರ್ ತಂದು ನಾಳೆಯೇ ಶುರು ಮಾಡ್ಬಹುದು," ಎಂದ ತಾರಾನಾಥ.

"ಎಂಟು ಪೆಟ್ಟಿಗೆಗಳನ್ನೂ ಜಪ್ತಿ ಮಾಡಿ," ಎಂದರು ಮೌರಿಸ್ ಕುಶಲಾಳಿಗೆ.

"ಅದು ಒಡೆದೇ ಇಲ್ಲ ಸರ್," ಎಂದ ತಾರಾನಾಥ.

"ಸಾಕ್ಷ್ಯ. ಕೋರ್ಟು ಹೇಳುವವರೆಗೆ ನೀನು ಮುಟ್ಟುವ ಹಾಗಿಲ್ಲ."

ಪ್ರತಿ ಪೆಟ್ಟಿಗೆಗೂ ಬಟ್ಟೆ ಸುತ್ತಿ ಅರಗಿನ ಮೊಹರು ಹಾಕಿದರು. ಠಾಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಅಂಬವ್ವ, ಒಂದೊಂದಾಗಿ ಒಳಗೆ ಹೋದ ಆ ಗಂಟುಗಳನ್ನು ಸುಮ್ಮನೆ ನೋಡಿದಳು. ಅವುಗಳಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಟೀವಿ ಎಲ್ಲಾ ಒಡದೀನ್ರೀ. ಇನ್ನ ಅವ ಸಾಯೂದಿಲ್ಲಲ್ರೀ?"

ಮೌರಿಸ್ ಪೆನ್ನು ಕೆಳಗಿಟ್ಟರು.

"ಇಲ್ಲಮ್ಮ."

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವುದು ಬಾಕಿಯಿತ್ತು. 'ಗಂಡನನ್ನು ಉಳಿಸಿಕೊಳ್ಳಲು' ಎಂದು ಬರೆದು ಸಹಿ ಹಾಕಿದರು.