ಮೂಲ ತಿಳಿದಿಲ್ಲ

"ಹಾಗೆ ಬರೀಬೇಡಿ ಸಾರ್," ಎಂದಳು ಉಗ್ರಾಣ ನೋಡಿಕೊಳ್ಳುವ ಹೆಂಗಸು. "ಈ ಗಡಿಗೇಲಿರೋ ಮಗು ಎಲ್ಲೀದು ಅನ್ನೋದನ್ನ ಮುಚ್ಚಿಟ್ಟೋರನ್ನ ಮನೆಯವರೂ ಸೇರಿ ಎಲ್ಲರೂ ಮರೀತಾರಂತೆ. ಆಮೇಲೆ ನಿಜ ಹೇಳಿದ್ರೆ ದೊಡ್ಡೋರಿಗೆ ನೆನಪು ಬರುತ್ತಂತೆ, ಒಮ್ಮೆ ಮರೆತ ಮಕ್ಕಳಿಗೆ ಬರಲ್ವಂತೆ. ಹೂಳುವಾಗ ಹೆತ್ತವಳೇ ಮಾಟ ಮಾಡಿಟ್ಟಿದಾಳೆ."

ವಸ್ತುಸಂಗ್ರಹಾಲಯಕ್ಕೆ ಬಂದು ಹದಿನೈದು ದಿನವೂ ಆಗಿರದ ಹೊಸ ಅಧಿಕಾರಿ ನಕ್ಕ. "ನನ್ನ ಹೆಂಡತಿ ಮರೆತರೆ ಒಳ್ಳೇದೇ. ಸಂಜೆ ತರಕಾರಿ ತರೋದು ತಪ್ಪುತ್ತೆ."

ಮೇಜಿನ ಮೇಲೆ ಮೊಣಕೈಯುದ್ದದ ಮಣ್ಣಿನ ಗಡಿಗೆ. ಒಳಗೆ ಕೂಸಿನ ಎಳೆಯ ಮೂಳೆಗಳು. ಯಾರೋ ಅಗೆದು ಕದ್ದದ್ದು ಕೈ ಬದಲಾಗುತ್ತಾ ಇಲ್ಲಿಗೆ ಬಂದಿತ್ತು. ಅದು ತಮ್ಮ ಮಸಣದ ದಿಬ್ಬದ್ದು, ವಾಪಸ್ ಕೊಡಿ ಎಂದು ಒಂದು ಊರಿನವರು ಪತ್ರ ಬರೆದು ಬೇಡಿಕೊಂಡಿದ್ದರು. ಊರಿನ ಹೆಸರು ದಾಖಲಾದರೆ ಗಡಿಗೆ ಕೈತಪ್ಪುತ್ತದೆ, ಅವನ ಮೊದಲ ಪ್ರದರ್ಶನದ ಕಳೆಯೇ ಹೋಗುತ್ತದೆ. ಪತ್ರವನ್ನು ಮಡಚಿ ಡ್ರಾಯರಿಗೆ ತಳ್ಳಿದ. ದಾಖಲೆ ಪುಸ್ತಕದಲ್ಲಿ ಬರೆದ: ಮೂಲ ತಿಳಿದಿಲ್ಲ. ಹಸಿ ಸುಳ್ಳು. ಆಮೇಲೆ ಗಡಿಗೆಯ ತಳಕ್ಕೆ ತೆಳುವಾಗಿ ವಾರ್ನಿಷ್ ಬಳಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್ ಹಾಕಿದ.

ಶಾಯಿ ಒಣಗುತ್ತಿದ್ದಂತೆ ವಾಸನೆಯೊಂದು ಎದ್ದಿತು. ನುಸಿಗುಳಿಗೆಯದಲ್ಲ, ಹಸಿಮಣ್ಣಿನದು, ಅದರೊಳಗೆ ಒಡೆದ ಹಾಲಿನದು. ದೀಪ ಮಂಕಾಯಿತು. ಗಡಿಗೆಯೊಳಗೆ ಏನೋ ಚೀಪುವ ಸದ್ದು. ಊಟದ ಹೊತ್ತಾಯಿತೆಂದು ತನಗೆ ತಾನೇ ನೆಪ ಹೇಳಿಕೊಂಡು ಅವನು ಮನೆಯ ಕಡೆ ನಡೆದ.

ಹೆಂಡತಿ ಬಾಗಿಲನ್ನು ಅರ್ಧ ತೆರೆದಳು. "ಯಾರು ಬೇಕಿತ್ತು?"

ತಮಾಷೆ ಇರಬೇಕೆಂದು ಒಳಗೆ ಕಾಲಿಟ್ಟ. ಅವಳು ಚೀರಿ ಅವನನ್ನು ಹೊರಗೆ ನೂಕಿದಳು. ಚಿಲಕ ಬಿತ್ತು.

ಒಳಗಿನಿಂದ ನಾಲ್ಕು ವರ್ಷದ ಮಗಳ ದನಿ: "ಅಪ್ಪ ಬಂದ್ರಾ ಅಮ್ಮಾ?"

"ಅಲ್ಲ ಪುಟ್ಟಿ. ಯಾರೋ."

ಮಗಳಿಗಿನ್ನೂ ನೆನಪಿದೆ. ಅವಳೂ ಮರೆಯುವ ಮೊದಲು ತಿದ್ದಬೇಕು. ಓಡಿದ. ಉರಿಬಿಸಿಲಲ್ಲಿ ಓಡಿದ. ವಸ್ತುಸಂಗ್ರಹಾಲಯದ ಕಾವಲುಗಾರನಿಗೆ ಗುರುತು ಸಿಗಲಿಲ್ಲ, ತಡೆದ. ನೂಕಿಕೊಂಡೇ ಒಳನುಗ್ಗಿದ. ಉಗ್ರಾಣದಲ್ಲಿ ಕತ್ತಲು. ಹಾಲಿನ ನಾತ. ಚೀಪುತ್ತಿದ್ದದ್ದು ಈಗ ಅಳುತ್ತಿತ್ತು. ದಾಖಲೆ ಪುಸ್ತಕ ತೆರೆದ. ಸುಳ್ಳನ್ನು ಹೊಡೆದುಹಾಕಿದ. ಊರಿನ ಹೆಸರು ಬರೆದ. ದಿಬ್ಬದ ಹೆಸರು ಬರೆದ. ವಾಪಸ್ ಕಳಿಸತಕ್ಕದ್ದು ಎಂದು ಬರೆದು ಸಹಿ ಹಾಕಿದ.

ಅಳು ನಿಂತಿತು.

ಬಾಗಿಲಲ್ಲಿ ನಿಂತಿದ್ದ ಉಗ್ರಾಣದ ಹೆಂಗಸು ಕಣ್ಣುಜ್ಜಿಕೊಂಡಳು. "ಸಾರ್, ನೀವಾ? ಯಾರೋ ಅಂದ್ಕೊಂಡೆ."

ಹೋದ ಜೀವ ಬಂದಂತಾಯಿತು. ಮನೆಯಲ್ಲಿ ಬಾಗಿಲು ತೆರೆದೇ ಇತ್ತು.

"ಎಲ್ಲಿ ಹೋಗಿದ್ರಿ? ಊಟ ಆರಿಹೋಯ್ತು," ಎಂದು ಹೆಂಡತಿ ಗದರಿದಳು. ಆ ಗದರಿಕೆಗೆ ಅವನ ಕಣ್ಣು ತುಂಬಿತು. ಮಗಳ ಕಡೆ ಎರಡೂ ಕೈ ಚಾಚಿದ. ಅವಳು ತಾಯಿಯ ಬೆನ್ನ ಹಿಂದೆ ಸರಿದಳು.

"ಅಪ್ಪ ಕಣೇ, ಪುಟ್ಟಿ," ಎಂದಳು ಹೆಂಡತಿ.

ಮಗು ಅವನ ಮುಖವನ್ನು ತುಂಬ ಹೊತ್ತು ನೋಡಿತು. "ಅಪ್ಪ ಇನ್ನೂ ಬಂದಿಲ್ಲ," ಎಂದು, ದಾರಿ ಕಾಯಲು ಕಿಟಕಿಯ ಹತ್ತಿರ ಹೋಗಿ ಕುಳಿತಿತು.