ಓರೀಲಿಯಾಳ ತಟ್ಟೆ

ಬೆಳಗ್ಗೆ ಹಳ್ಳದಿಂದ ನಾಲ್ಕು ಮೀನು ಹಿಡಿದು ತಂದ ಓರೀಲಿಯಾ ಸ್ಟಬಲ್‌ಫೀಲ್ಡ್ ಅವನ್ನು ಹುರಿಯಲಿಲ್ಲ. ಆರಿದ ಒಲೆಯ ಬಾಗಿಲು ತೆರೆದವಳೇ ಬೇಲಿಯಾಚೆಗಿದ್ದ ನನ್ನ ಗಂಡನನ್ನು ಕೂಗಿದಳು.

"ಹೊಸಿಯಾ! ಬಾರೋ ಇಲ್ಲಿ!"

ಇಬ್ಬರೂ ಓಡಿದೆವು. ತಣ್ಣನೆಯ ಬೂದಿಯಲ್ಲಿ ಕರಿ ತುಂಡುಗಳು. ಒಡೆದ ಗ್ರಾಮಫೋನ್ ತಟ್ಟೆ! ನಡುವಿನ ಹೆಸರಿನ ಕಾಗದವನ್ನು ಯಾರೋ ಕೆರೆದು ತೆಗೆದಿದ್ದರು. ಅವಳು ತನ್ನ ತಟ್ಟೆಯನ್ನು ಬಚ್ಚಿಡುತ್ತಿದ್ದ, ಮಂಚದ ಕೆಳಗಿನ ಹಿಟ್ಟಿನ ಚೀಲ ಬರಿದಾಗಿತ್ತು. ಹಿತ್ತಲ ಕಿಟಕಿ ತೆರೆದಿತ್ತು.

ಟೆಕ್ಸಸ್‌ನ ನಮ್ಮ ಲಾರ್ಕಿನ್‌ನಲ್ಲಿ ಮರ ಕೊಯ್ಯುವ ಕಾರ್ಖಾನೆಗಳಿದ್ದ ಕಾಲದಲ್ಲಿ, ಪೀಪಾಯಿಗಳ ಮೇಲೆ ಹಲಗೆ ಹಾಸಿ ಹೆಂಡ ಮಾರುತ್ತಿದ್ದ ಗುಡಿಸಲುಗಳಲ್ಲಿ ಪಿಯಾನೋ ನುಡಿಸಿದವಳು ಓರೀಲಿಯಾ. ಅವಳ ಎಡಗೈ ಬಿದ್ದರೆ ಗೋಡೆ ಅದುರುತ್ತಿತ್ತು. ೧೯೨೯ರಲ್ಲಿ ಡಲ್ಲಾಸಿನ ಹೋಟೆಲ್ ಕೋಣೆಯೊಂದರಲ್ಲಿ ಗ್ರಾಮಫೋನ್ ಕಂಪನಿಯೊಂದು ಅವಳು ನುಡಿಸಿದ, ನಮ್ಮ ಕರಿಯರ ಎರಡು ಬ್ಲೂಸ್ ಹಾಡುಗಳನ್ನು ಮುದ್ರಿಸಿಕೊಂಡಿತು. ಆಮೇಲೆ ಕಂಪನಿಯೇ ಮುಳುಗಿತು. ಮೂವತ್ತಮೂರು ವರ್ಷಗಳ ನಂತರ ಉಳಿದಿದ್ದದ್ದು ಈ ಒಂದೇ ತಟ್ಟೆ.

ಹೊಸಿಯಾ ಪಿಯಾನೋ ಶ್ರುತಿ ಮಾಡುವವನು. ಆದರೆ ಏನಾದರೂ ಕಳೆದರೆ ನಮ್ಮ ಕರಿಯ ಜನ ಪೊಲೀಸ್ ಅಧಿಕಾರಿ ಶೆರಿಫ್ ಬಳಿ ಹೋಗುತ್ತಿರಲಿಲ್ಲ, ಇವನ ಬಳಿ ಬರುತ್ತಿದ್ದರು.

"ಚೀಲ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು?"

"ಮೂರೇ ಜನಕ್ಕೆ."

ಮೂವರನ್ನೂ ನಾನೇ ಹೋಗಿ ಕರೆತಂದೆ.

ಮೊದಲು ಬಂದವನು ಅವಳ ಅಣ್ಣನ ಮಗ, ಪಾದ್ರಿ ಈನಸ್. ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ.

"ಸೈತಾನನ ಸಂಗೀತ ಬೂದಿ ಸೇರ್ತು. ದೇವರ ಕೆಲಸ, ಅತ್ತೆ."

"ದೇವರಿಗೆ ಕಿಟಕಿ ಹಾರೋ ಅಭ್ಯಾಸ ಯಾವಾಗಿಂದ ಶುರುವಾಯ್ತೋ?"

"ನಾನಾಗಿದ್ರೆ ಕದ್ದು ಒಡೀತಿದ್ನಾ? ಭಾನುವಾರ ಇಡೀ ಚರ್ಚಿನೆದುರು ಒಡೀತಿದ್ದೆ!"

ಎರಡನೆಯವನು ಕ್ಲಿಯೋಫಸ್ ಡನ್, ಪಿಯಾನೋದಲ್ಲಿ ಅವಳ ಹಳೆಯ ಎದುರಾಳಿ. ಬಂದವನೇ ಬೂದಿಯಲ್ಲಿ ಮಂಡಿಯೂರಿ ತುಂಡಿಗೆ ತುಂಡು ಜೋಡಿಸತೊಡಗಿದ.

"ಇದ್ರಲ್ಲಿ ನುಡಿಸಿದ್ದು ನಾನೇ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ದೋನು ನೀನು," ಎಂದ ಹೊಸಿಯಾ. "ತಟ್ಟೆ ಹೋದ್ರೆ ಸುಳ್ಳು ಹಿಡಿಯೋರು ಯಾರು?"

"ತಟ್ಟೆ ಇದ್ರೆ ತಾನೇ ನನ್ನ ಸುಳ್ಳಿಗೆ ಬೆಲೆ?" ಕ್ಲಿಯೋಫಸ್ ಕಣ್ಣೊರೆಸಿಕೊಂಡ. "ಅಂಥಾ ಎಡಗೈ ನಂಗೆಲ್ಲಿತ್ತು ಮಾರಾಯ!"

ಮೂರನೆಯವನು ಪ್ರೆಂಟಿಸ್ ವಿಟ್ಲೋ. ಹಳೆಯ ತಟ್ಟೆಗಳನ್ನು ಕೂಡಿಡುವ ಬಿಳಿಯ, ಉತ್ತರದವನು. ಎರಡು ವಾರದಿಂದ ಇದನ್ನು ಕೊಡು ಎಂದು ಪೀಡಿಸುತ್ತಿದ್ದ. ಹೊಸ್ತಿಲಲ್ಲೇ ನಿಂತು ಕನ್ನಡಕ ಒರೆಸಿದ, ಗಡಿಯಾರ ನೋಡಿದ.

"ಎಂಥಾ ನಷ್ಟ, ಆಂಟಿ! ಜಗತ್ತಿಗೇ ಒಂದೇ ಪ್ರತಿ ಇತ್ತು. ಆ ಪಾದ್ರಿದೇ ಕೆಲಸ."

"ನಿಮ್ಮಮ್ಮನಿಗೆ ನಾನು ಅಕ್ಕನೂ ಅಲ್ಲ, ತಂಗಿನೂ ಅಲ್ಲ. ಮಿಸೆಸ್ ಸ್ಟಬಲ್‌ಫೀಲ್ಡ್ ಅನ್ನಿ." ನಮ್ಮ ಹೆಂಗಸರಿಗೆ 'ಮಿಸೆಸ್' ಅನ್ನಬಾರದೆಂದೇ ಬಿಳಿಯರು 'ಆಂಟಿ' ಅನ್ನುತ್ತಿದ್ದರು.

"ತುಂಡುಗಳನ್ನ ಸುಮ್ನೆ ಕೊಡ್ತೀವಿ, ತಗೊಂಡ್ಹೋಗಿ ಸಾರ್," ಎಂದ ಹೊಸಿಯಾ.

"ಬೇಡ, ಬೇಡ. ಹನ್ನೊಂದರ ಬಸ್ಸಿಗೆ ಹೊರಡ್ಬೇಕು."

ಮೂವರೂ ಹೋದ ಮೇಲೆ ಹೊಸಿಯಾ ದೊಡ್ಡ ತುಂಡೊಂದನ್ನು ಗ್ರಾಮಫೋನ್ ಮೇಲಿಟ್ಟು ಕೀಲಿ ಕೊಟ್ಟ. ಮುಳ್ಳು ತಾಕಿತು. ಕರ್ರ್— ರೆಪ್ಪೆ ಬಡಿಯುವಷ್ಟು ಹೊತ್ತು ಒಂದು ದನಿ ಹೊರಟಿತು. ಪಿಟೀಲು!

"ನಿನ್ನ ತಟ್ಟೇಲಿ ಪಿಟೀಲು ಇತ್ತೇನು?"

"ಪಿಟೀಲಿನೋನು ಹತ್ರ ಬಂದಿದ್ರೆ ಒದ್ದೋಡಿಸ್ತಿದ್ದೆ."

"ಹಾಗಾದ್ರೆ ಒಡೆದಿರೋದು ನಿನ್ನದಲ್ಲ. ನಿನ್ನದು ಕಳುವಾಗಿದೆ."

ಅವಳ ಕಿವಿಯಲ್ಲಿ ಒಂದು ಹೆಸರು ಹೇಳಿದ. ನಾನು ಶೆರಿಫ್ ಮಾತೆತ್ತಿದೆ. ಓರೀಲಿಯಾ ನಕ್ಕಳು. "ನಮ್ಮ ಮಾತು ಕೇಳಿ ಬಿಳಿಯನ ಪೆಟ್ಟಿಗೆ ತೆಗೆಸೋ ಶೆರಿಫ್ ಇನ್ನೂ ಹುಟ್ಟಿಲ್ಲ ಕಣೇ ಲವೇಡಾ. ನಡಿ, ನಾವೇ ಹೋಗೋಣ."

ಬಸ್ ನಿಲ್ದಾಣದ ಮುಂಭಾಗದ ಕಾಯುವ ಕೋಣೆಯಿಂದ 'ಬಿಳಿಯರಿಗೆ ಮಾತ್ರ' ಎಂಬ ಹಲಗೆಯನ್ನು ಸರ್ಕಾರ ಆಗಲೇ ಇಳಿಸಿತ್ತು. ಗೋಡೆಯಲ್ಲಿ ಮೊಳೆಗಳು ಉಳಿದಿದ್ದವು. ಆದರೂ ನಮ್ಮವರು ಯಾರೂ ಹೆದರಿ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ಓರೀಲಿಯಾ ನೆಟ್ಟಗೆ ಒಳಗೆ ನಡೆದಳು. ವಿಟ್ಲೋನ ಕಾಲ ಬಳಿ ತೊಗಲಿನ ಪೆಟ್ಟಿಗೆಯಿತ್ತು. ಅವಳು ಲಂಗ ಸರಿಪಡಿಸಿಕೊಂಡು, ತನ್ನ ದಪ್ಪ ಮೈಯನ್ನು ಅದರ ಮೇಲೆ ಇಳಿಸತೊಡಗಿದಳು.

"ಕೂರಬೇಡ! ಒಡೆದುಹೋಗುತ್ತೆ!" ವಿಟ್ಲೋ ಚೀರಿದ.

ಬೆಂಚುಗಳಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಏನು ಒಡೆಯುತ್ತೆ ಸಾರ್?" ಹೊಸಿಯಾ ಮೆಲ್ಲಗೆ ಕೇಳಿದ. "ಅಂಗಿನೋ, ಚಡ್ಡಿನೋ?"

ಯಾವುದೋ ಬೆಂಚಿನಿಂದ ಕಿಸಕ್ಕೆಂದ ನಗು ಬಂತು. ಬಾಗಿಲಲ್ಲಿದ್ದ ಪೊಲೀಸಿನವನು ಹತ್ತಿರ ಬಂದ.

"ತೆಗೀತೀರೋ, ಪೂರ್ತಿ ಕೂತ್ಬಿಡ್ಲೋ?" ಎಂದಳು ಓರೀಲಿಯಾ.

"ಹುಚ್ಚೇನು ನಿಂಗೆ? ನಿನ್ನದೇ ತಟ್ಟೆ ಅದು! ಮತ್ತೆ ಸಿಗಲ್ಲ!"

"ನನ್ನದು ಅಂದ್ರಿ. ಎಲ್ರೂ ಕೇಳಿಸ್ಕೊಂಡ್ರಲ್ಲ? ಒಡೀಲಿ ಬಿಡಿ. ನಂಗೆ ಹತ್ತು ಬೆರಳಿವೆ, ನಾಳೆ ಮತ್ತೆ ನುಡಿಸ್ತೀನಿ. ನಿಮಗೇನಿದೆ?"

ವಿಟ್ಲೋ ಬೆವರುತ್ತ ಪೆಟ್ಟಿಗೆ ತೆರೆದ. ಎರಡು ಅಂಗಿಗಳ ನಡುವೆ ತಟ್ಟೆ ಇತ್ತು.

"ಹೇಗೆ... ಹೇಗೆ ಗೊತ್ತಾಯ್ತು?" ಎಂದ.

"ಪಾದ್ರಿ ತುಂಡು ಎತ್ತಿ ನೋಡ್ದ," ಎಂದ ಹೊಸಿಯಾ. "ಕ್ಲಿಯೋಫಸ್ ಮಂಡಿಯೂರಿ ಜೋಡಿಸ್ದ. ಇದೊಂದಕ್ಕೋಸ್ಕರ ಸಾವಿರ ಮೈಲಿ ಬಂದ ನೀವು, ವಿಟ್ಲೋ ಸಾರ್, ಬೂದಿ ಕಡೆ ತಿರುಗಿ ನೋಡ್ಲಿಲ್ಲ. ಸುಮ್ನೆ ಕೊಟ್ರೂ ಬೇಡ ಅಂದ್ರಿ. ಯಾಕೆ? ಅದು ಯಾವ ತಟ್ಟೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಸಿಟ್ಟಲ್ಲಿ ಒಡೆಯೋನಿಗೆ ಕಾಗದ ಕೆರೆಯೋ ಪುರುಸೊತ್ತಿರಲ್ಲ. ಒಡೆದಿದ್ದನ್ನ ಯಾರೂ ಹುಡುಕಲ್ಲ ಅಂದ್ಕೊಂಡ್ರಿ. ಕಳ್ಳ ನೀವೇ."

"ನಿನ್ನ ಗುಡಿಸಲಲ್ಲಿ ಅದು ಹಾಳಾಗ್ತಿತ್ತು! ನನ್ನ ಹತ್ರ ಇದ್ದಿದ್ರೆ ಲೋಕ ಕೇಳ್ತಿತ್ತು."

"ಲೋಕಕ್ಕೆ ಬೇಕಾದ್ರೆ ಬರ್ಲಿ," ಎಂದಳು ಓರೀಲಿಯಾ. "ಕೇಳಿಸ್ತೀನಿ. ಆದ್ರೆ ಮುಂಬಾಗಿಲಿಂದ ಬರ್ಲಿ."

ಬಸ್ಸು ಬಂತು, ವಿಟ್ಲೋ ತಲೆ ತಗ್ಗಿಸಿ ಹತ್ತಿದ. ಅವನನ್ನು ಯಾರೂ ತಡೆಯಲಿಲ್ಲ. ಪೊಲೀಸಿನವನು ನಮ್ಮತ್ತ ತಿರುಗಿದ.

"ಬಂದ ಕೆಲಸ ಆಯ್ತಲ್ಲ. ಹೊರಡಿ ಇನ್ನು."

ಓರೀಲಿಯಾ ನಡುವಿನ ಬೆಂಚಿಗೆ ಹೋಗಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಬಸ್ ಕಾಯ್ತಿದೀನಿ."

"ಯಾವ ಬಸ್ಸು?"

"ಯಾವುದು ಬರುತ್ತೋ ಅದು." ಸ್ವಲ್ಪ ಸರಿದು ಜಾಗ ಮಾಡಿದಳು. "ಕೂತ್ಕೋ ಬಾರೋ ಹೊಸಿಯಾ. ಲವೇಡಾ, ನೀನೂ ಬಾರೇ."

ನಾವು ಕುಳಿತೆವು.